ಗವಿಯಿಂದ ನಮ್ಮ ಅಟ್ಟಕ್ಕೆ

ನಮ್ಮ ಗವಿ ಸುಧಾರಣಾ ಸಮಿತಿಯವರು ನನಗೆ ಅನ್ಯಾಯ ಮಾಡಿದ್ದಾರೆ. ಬ್ಯಾಡಗಿಯ ಹೊರಗಿನ ಗುಡ್ಡದ ಗವಿಯಲ್ಲಿ ಯಾರ ತಂಟೆಗೂ ಹೋಗದೆ ತಲೆಕೆಳಗಾಗಿ ಬದುಕಿದ್ದ ಬಾವಲಿಗಳನ್ನು ಹೊಗೆ ಹಾಕಿ ಓಡಿಸಿ, ಗವಿಯ ಬಾಯಿಗೆ ಜಾಲರಿ ಬಾಗಿಲಿಟ್ಟು ಬೀಗ ಜಡಿದರು. ಶ್ರಾವಣದ ಪ್ರವಚನಕ್ಕೆ ತಂಪು ಜಾಗ ಬೇಕಿತ್ತಂತೆ. ಬಾವಲಿಗಳು ಗುಡ್ಡದ ಬುಡದ ಮೊದಲನೆಯ ಮನೆಯ ಅಟ್ಟ ಹೊಕ್ಕವು. ಆ ಮನೆ ನನ್ನದು. ಸಭೆಯಲ್ಲಿ ನಾನೊಬ್ಬನೇ ಇದನ್ನು ವಿರೋಧಿಸಿದ್ದೆ; ಅದು ನಡಾವಳಿಯಲ್ಲಿಲ್ಲ. ಎಲ್ಲರಿಗೂ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟವರು ನನ್ನ ಕೈಗೆ ಮಾತ್ರ ಬಸಿಯಿಲ್ಲದ ಸುಡುವ ಕಪ್ಪು ಕೊಟ್ಟದ್ದೂ ಅದರಲ್ಲಿಲ್ಲ. ನನ್ನ ಬೆರಳುಗಳಿಗೆ ಮಾತ್ರ ಚೆನ್ನಾಗಿ ನೆನಪಿದೆ.

ಮೆಣಸಿನಕಾಯಿ ದಲಾಲಿಯೂ ಸಮಿತಿಯ ಅಧ್ಯಕ್ಷರೂ ಆದ ಶಿವಪ್ಪನವರ ಬಳಿಗೆ ದೂರು ಕೊಂಡೊಯ್ದೆ. “ಮಾಸ್ತರ, ಜೀವಮಾನ ಎಲ್ಲಾ ಹುಡುಗೂರ್ನ ಬಾಯಿ ಮುಚ್ಚಿಸಿದವ್ರು ನೀವು, ಇವೇನ್ ದೊಡ್ಡ ಮಾತ್ರಿ? ಮೆಣಸಿನಕಾಯಿ ಹೊಗಿ ಹಾಕ್ರಿ, ಲಗೂನ ಹೋಗ್ತಾವ” ಎಂದರು.

ಅಟ್ಟದ ಕೆಳಗೆ ಕೆಂಡದ ಶಿಗಡಿಯಿಟ್ಟು, ಎರಡು ಬೊಗಸೆ ಬ್ಯಾಡಗಿ ಕಾಯಿ ಸುರಿದೆ. ಒಂದು ಬಾವಲಿ ರೆಕ್ಕೆ ಬಿಡಿಸಿ, ಮಗ್ಗುಲು ಬದಲಿಸಿ, ಮತ್ತೆ ಮಲಗಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೆಮ್ಮುತ್ತಲೇ ಚೀಲ ತುಂಬಿದಳು. “ನನ್ನ ಕಣ್ಣಾಗ ನೀರ್ ತರ್ಸೂದು ನಿಮಗ ಹೊಸಾದಲ್ಲ ಬಿಡ್ರಿ. ಅವು ಹೋಗೂ ಮಟ ನಾ ರಾಣೇಬೆನ್ನೂರಾಗ ತಂಗಿ ಮನ್ಯಾಗ ಇರ್ತೇನಿ” ಎಂದವಳು ಮುಂದಿನ ಬಸ್ಸಿಗೇ ಹೊರಟಳು. ಬಾವಲಿಗಳು ಹೋಗಲಿಲ್ಲ.

ಮತ್ತೆ ಶಿವಪ್ಪನವರ ಅಂಗಡಿಗೆ ಹೋದೆ.

“ಯಾವ ಕಾಯಿ ಹಾಕಿದ್ರಿ?”

“ನಮ್ಮ ಬ್ಯಾಡಗಿದ ರೀ. ಮತ್ಯಾವ್ದು?”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯ ಮಾಸ್ತರ, ಬ್ಯಾಡಗಿ ಕಾಯಿ ಬಣ್ಣಕ್ಕರಿ! ಘಾಟಿಗೆ ಗುಂಟೂರದ ಬೇಕು. ಗವಿಗೆ ನಾವು ಅದನ್ನ ಹಾಕಿದ್ದು.”

ಬ್ಯಾಡಗಿ ಕಾಯಿಗೆ ಸಾಟಿಯಿಲ್ಲವೆಂದು ಪ್ರತಿ ಸಭೆಯಲ್ಲೂ ಎದೆ ತಟ್ಟಿ ಹೇಳುವ ಮಹನೀಯರು ಇವರೇ. ಹೋಗಲಿ, ಗವಿಯ ಬಾಗಿಲನ್ನಾದರೂ ತೆರೆಸಿ ಎಂದರೆ, “ಕೀಲಿಕೈ ಕಾರ್ಯದರ್ಶಿ ಕಡೆ ಐತ್ರಿ, ಅಂವ ಹಾವೇರಿಗೆ ಹೋಗ್ಯಾನ” ಎಂಬ ಉತ್ತರ. ಮೂರು ಸಲ ಹೋದೆ; ಮೂರು ಸಲವೂ ಕಾರ್ಯದರ್ಶಿ ಹಾವೇರಿಯಲ್ಲಿದ್ದರು. ಪ್ರವಚನಕಾರರೋ, ಗವಿಯೊಳಗೆ ಒಮ್ಮೆ ಮೂಗು ತೂರಿಸಿದವರೇ ಅಲ್ಲಿ ಇನ್ನೂ ಉಳಿದಿದ್ದ ಘಾಟಿಗೆ ಹಿಂದೆ ಸರಿದು, ಕಲ್ಯಾಣಮಂಟಪದ ಫ್ಯಾನಿನ ಕೆಳಗೆ ಕುಳಿತು ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಹೇಳಿ ಮುಗಿಸಿದರು.

ಒಂದು ಬೊಗಸೆ ಗುಂಟೂರು ಕಾಯಿ ತಂದರೆ ನನ್ನ ಸಂಕಟ ಮುಗಿದೀತು, ಒಪ್ಪುತ್ತೇನೆ. ಆದರೆ ಬ್ಯಾಡಗಿಯಲ್ಲಿ ಹುಟ್ಟಿದ ನಾನು ಅದನ್ನು ನನ್ನ ಹೊಸ್ತಿಲು ದಾಟಿಸಲಾರೆ. ರಾಣೇಬೆನ್ನೂರಿನಿಂದ ದಿನವೂ ಫೋನು: “ಹೋದ್ವೇನ್ರಿ ಅವು?” ನಿನ್ನೆ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ, ಅಟ್ಟದಲ್ಲಿ ಬಾವಲಿಗಳು ಪಟಪಟನೆ ರೆಕ್ಕೆ ಬಡಿದವು. ಅವಳು ಫೋನು ಇಟ್ಟಳು.

ಸಮಿತಿಯ ಮಹನೀಯರೇ, ಬಾವಲಿಗಳಿಗೆ ಅವುಗಳ ಗವಿಯನ್ನು ಬಿಟ್ಟುಕೊಡುತ್ತೀರೋ, ಅಥವಾ ಖಾಲಿ ಬಿದ್ದಿರುವ ಆ ಗವಿಯಲ್ಲಿ ನನಗೊಂದು ಮೂಲೆ ಕೊಡುತ್ತೀರೋ?