ಕರೆಯಲು ಬಂದವನು ಇಲ್ಲಿ, ಹೊರಡಬೇಕಾದವಳು ಅಲ್ಲಿ

ಮದುವೆಯಾದ ಹೆಣ್ಣುಮಗಳು ತವರಿಗೆ ಸುಮ್ಮನೆ ಎದ್ದು ಹೋಗುವುದಿಲ್ಲ. ತವರಿನವರು ಯಾರಾದರೂ ಬಂದು, ಬಾಗಿಲಲ್ಲಿ ನಿಂತು, "ಕರ್ಕೊಂಡು ಹೋಗಾಕೆ ಬಂದೀನಿ, ಹೊರಡು" ಅನ್ನಬೇಕು. ನ್ಯಾಮತಿಯಿಂದ ಜಗಳೂರಿನವರೆಗೆ ಯಾವ ಜಾತಿಯ, ಯಾವ ಧರ್ಮದ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ, ಇದೇ ಕಾನೂನು. ಇದು ನಿಮಗೆ ಗೊತ್ತಿರಲೇಬೇಕು. ಗೊತ್ತಿಲ್ಲವೆಂದರೆ ನೀವು ಗಂಡಸರೇ ಇರಬೇಕು!

ನನಗೂ ಗೊತ್ತಿತ್ತು. ಆದರೆ ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಏಕೆಂದರೆ ನಾನು ವಿಚಾರವಾದಿ. ಹೊನ್ನಾಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ನನ್ನದು, ಭಾನುವಾರದ ಪತ್ರಿಕೆಯಲ್ಲಿ ಒಂದು ಅಂಕಣವೂ ನನ್ನದು. ವಾರವಿಡೀ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತೇನೆ, ಭಾನುವಾರ ಸಮಾಜಕ್ಕೇ ಬೆಂಕಿ ಇಡುತ್ತೇನೆ. ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಇಷ್ಟೆಲ್ಲ ಬರೆಯುತ್ತಾನಲ್ಲ ಎಂದು ಊರು ಬೆರಗಾಗಿದೆ ಎಂಬುದು ನನ್ನ ಗಾಢ ನಂಬಿಕೆ.

ಈ ಸಲದ ರಂಜಾನ್ ತಿಂಗಳಲ್ಲಿ ನಾನು ಗುಡುಗಿದ್ದು ಹೀಗೆ: "ಮನೆಯ ಜಗಳಗಳು ಆಡಿದ ಮಾತಿನಿಂದ ಹುಟ್ಟುವುದಕ್ಕಿಂತ ಆಡದೆ ನುಂಗಿದ ಮಾತಿನಿಂದ ಹುಟ್ಟುವುದೇ ಹೆಚ್ಚು. ಗಂಡಸರೇ, ಮೌನವನ್ನು ಓದಲು ಕಲಿಯಿರಿ!" ಪತ್ರಿಕೆಯನ್ನು ಹೆಂಡತಿ ರುಹೀನಾಳ ಕೈಗಿಟ್ಟು, ಎದುರಿಗೇ ಕುಳಿತೆ.

"ಚೆನ್ನಾಗೈತೆ ರೀ. ಯಾರು ಬರೆದಿದ್ದು?"

"ಮೇಲೆ ನನ್ನ ಫೋಟೋ ಐತಲ್ಲೇ!"

"ಅದನ್ನೂ ನೋಡಿದೆ. ಫೋಟೋಕ್ಕೂ ಕೆಳಗೆ ಬರೆದಿದ್ದಕ್ಕೂ ಹೊಂದಿಕೆ ಆಗಲಿಲ್ಲ, ಅದಕ್ಕೇ ಕೇಳಿದೆ."

ನಮ್ಮ ಮನೆಮಾತು ಉರ್ದು. ಆದರೆ ಚುಚ್ಚುವ ಸಂದರ್ಭ ಬಂದರೆ ರುಹೀನಾ ತಪ್ಪದೆ ಕನ್ನಡಕ್ಕೆ ಇಳಿಯುತ್ತಾಳೆ. ಕನ್ನಡದ ಶಕ್ತಿಯ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಭಾಗ ಅವಳ ಕೊಡುಗೆ!

ಅವತ್ತೇ ಶಪಥ ಮಾಡಿದೆ. ರುಹೀನಾಳಿಗೂ ಅವಳ ತಮ್ಮ ಅಫ್ತಾಬ್‌ಗೂ ನಡೆದಿರುವ ಶೀತಲ ಸಮರವನ್ನು ನಾನೇ ಮುಗಿಸುತ್ತೇನೆ! ಬರೀ ಸದ್ದು ಕೇಳಿ ಮೋಟಾರಿನ ಯಾವ ಕಾಯಿಲು ಸುಟ್ಟಿದೆ ಎಂದು ಹೇಳುವವನಿಗೆ ಹೆಂಡತಿಯ ಮೌನ ಯಾವ ಮಹಾ ವಿದ್ಯೆ?

ಜಗಳದ ಕಾರಣ ಇಷ್ಟೇ. ಎರಡು ವರ್ಷದ ಹಿಂದೆ ಜಗಳೂರಿನಲ್ಲಿ ಅಫ್ತಾಬ್ ಹೊಸ ಮನೆ ಕಟ್ಟಿಸಿದ. ಹಾರ್ಡ್‌ವೇರ್ ಅಂಗಡಿ, ಕಟ್ಟಡದ ಕೆಲಸ, ಎರಡರ ಮಧ್ಯೆ ಓಡಾಡಿ ಸುಸ್ತಾಗಿದ್ದ ಅವನು ಗೃಹಪ್ರವೇಶದ ದಾವತ್ತಿನ ಕಾರ್ಡನ್ನು ವಾಟ್ಸಾಪಿನ ಕುಟುಂಬದ ಗುಂಪಿಗೆ ಹಾಕಿ, ಕೆಳಗೆ ಕೈಮುಗಿಯುವ ಚಿತ್ರ ಹಾಕಿದ. ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೂ ಅದೇ ಕಾರ್ಡು, ದಾವಣಗೆರೆಯ ಸಿಮೆಂಟ್ ವ್ಯಾಪಾರಿಗೂ ಅದೇ ಕಾರ್ಡು. "ಕರೆಯಾಕೆ ಬರಲಿಲ್ಲ" ಎಂದು ಇವಳು ಹೋಗಲಿಲ್ಲ. "ಆಪಾ ಬರಲೇ ಇಲ್ಲ" ಎಂದು ಅವನು ಮುನಿದ. ಅಲ್ಲಿಗೆ ಮಾತು ಬಂದ್! ಮಗನ ಜೊತೆಗಿರುವ ಅವರಮ್ಮ ದಿಲ್‌ಶಾದ್ ಬೇಗಂ ಮಾತ್ರ ಫೋನಿನಲ್ಲಿ ಇಬ್ಬರ ನಡುವೆ ಸುದ್ದಿ ಸಾಗಿಸುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಕಾಲ ಇದು. ಆಧಾರ್ ತೋರಿಸಿದರೆ ಬೀದರ್‌ವರೆಗೂ ಹೋಗಬಹುದು. ನನ್ನ ಹೆಂಡತಿಗೆ ಜಗಳೂರು ಮಾತ್ರ ದೂರ.

ಹಬ್ಬದ ದಿನ ಬಂತು. ರುಹೀನಾ ಸುರ್‌ಕುಂಬಾ ಮಾಡಿದಳು. ಹಾಲು, ಶಾವಿಗೆ, ಖರ್ಜೂರ, ತುಪ್ಪದಲ್ಲಿ ಹುರಿದ ಬಾದಾಮಿ! ಬಂದವರಿಗೆಲ್ಲ ಹಂಚಿಯಾದ ಮೇಲೆ ನೀರಿಗೆಂದು ಫ್ರಿಜ್ ತೆಗೆದೆ. ಹಿಂದುಗಡೆ, ಸೊಪ್ಪಿನ ಚೀಲದ ಮರೆಯಲ್ಲಿ ಸ್ಟೀಲ್ ಡಬ್ಬಿಯೊಂದು ಕಂಡಿತು. ಮುಚ್ಚಳ ಬಿಚ್ಚಿದರೆ ಸುರ್‌ಕುಂಬಾ, ಮೇಲೆ ಬಾದಾಮಿ ಬೇರೆ ಎರಡು ಪಾಲು!

ಮೌನದ ಭಾಷೆ ಬಲ್ಲ ನನಗೆ ಕ್ಷಣದಲ್ಲಿ ಅರ್ಥವಾಯಿತು. ಬಾಯಲ್ಲಿ ಚುಚ್ಚುವವಳು ಒಳಗೊಳಗೇ ನನಗಾಗಿ ಎತ್ತಿಟ್ಟಿದ್ದಾಳೆ! ಕಣ್ಣು ತುಂಬಿ ಬಂತು. ತುಂಬಿದ ಕಣ್ಣಿನಲ್ಲೇ ಡಬ್ಬಿ ಖಾಲಿ ಮಾಡಿದೆ.

ಸಂಜೆ ಅವಳು ಫ್ರಿಜ್ ತೆಗೆದಳು. ಡಬ್ಬಿಯನ್ನು ಅಲ್ಲಾಡಿಸಿದಳು. ಅಡುಗೆಮನೆಯ ನೆಲದ ಮೇಲೆ ಕುಳಿತೇಬಿಟ್ಟಳು.

"ಇದರಾಗೆ ಇದ್ದಿದ್ದು ಎಲ್ಲಿ?"

"ನಿನ್ನ ಮನಸ್ಸನ್ನ ಓದಿದವನ ಹೊಟ್ಟೇಲಿ!" ಎಂದೆ ಹೆಮ್ಮೆಯಿಂದ.

"ಅದು ಅಫ್ತಾಬ್‌ಗೆ ಇಟ್ಟಿದ್ದೆ ರೀ."

"ಅಫ್ತಾಬ್‌ಗಾ? ಅವನೆಲ್ಲಿ ಬರ್ತಾನೆ?"

"ಬರಲ್ಲ ಅಂತ ನನಗೂ ಗೊತ್ತು. ಹೋದ ವರ್ಷವೂ ಬರಲಿಲ್ಲ."

"ಮತ್ತೆ ಯಾಕೆ ಇಟ್ಟೆ?"

"ಬಂದುಬಿಟ್ಟರೆ?" ಎಂದಳು. ಡಬ್ಬಿ ತೊಳೆಯಲು ಎದ್ದವಳು ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದಳು.

ನಾಚಿಕೆಯಾಯಿತು. ಆದರೆ ಅಂಕಣಕಾರನಿಗೆ ನಾಚಿಕೆಯಾದರೆ ಅವನು ಸುಮ್ಮನಿರುವುದಿಲ್ಲ, ಕಾರ್ಯಾಚರಣೆಗೆ ಇಳಿಯುತ್ತಾನೆ. ಅದೇ ಅನಾಹುತಕ್ಕೆ ಮೂಲ!

ಮಾರನೇ ಬೆಳಿಗ್ಗೆ ಈರುಳ್ಳಿ ಹೆಚ್ಚುತ್ತಿದ್ದ ರುಹೀನಾಳ ಮುಂದೆ ಒಂದು ಸುದ್ದಿ ಬಿಟ್ಟೆ. "ಅಫ್ತಾಬ್‌ಗೆ ವಿಪರೀತ ಜ್ವರ ಅಂತೆ. ಮೇಲೆ ಏಳಾಕೂ ಆಗ್ತಿಲ್ಲ ಅಂತೆ." ಇದು ಸುಳ್ಳಲ್ಲವೇ ಎಂದು ಕೇಳಬೇಡಿ. ಪತ್ರಿಕೆಯವರು ಇದನ್ನು ಸುಳ್ಳು ಅನ್ನುವುದಿಲ್ಲ, "ಮೂಲಗಳ ಪ್ರಕಾರ" ಅನ್ನುತ್ತಾರೆ.

ಅವಳು "ಹೂಂ" ಎಂದಳು. ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ಮೌನವನ್ನು ಓದಿದೆ: ಕಲ್ಲು ಮನಸ್ಸು, ಕರಗಲಿಲ್ಲ. ಮೊದಲ ಅಸ್ತ್ರ ವ್ಯರ್ಥ!

ಅಂಗಡಿಗೆ ಹೋದವನೇ ಅಫ್ತಾಬ್‌ಗೆ ಫೋನು ಹಚ್ಚಿದೆ. "ನಿಮ್ಮಕ್ಕ ಬಚ್ಚಲಲ್ಲಿ ಜಾರಿಬಿದ್ದು ಕಾಲು ಉಳುಕಿಸಿಕೊಂಡಿದ್ದಾಳಪ್ಪ. ಹೆಜ್ಜೆ ಊರಾಕೂ ಆಗ್ತಿಲ್ಲ."

ಅವನೂ "ಹೂಂ" ಎಂದ. ಫೋನು ಕಟ್ಟಾಯಿತು. ಓದಿದೆ: ಅಕ್ಕನಿಗೆ ತಕ್ಕ ತಮ್ಮ! ಇದೂ ವ್ಯರ್ಥ!

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಓಬವ್ವ ಕೀಲಿ ತಂದು ಕೊಟ್ಟಳು.

"ನಿನ್ನ ಹೆಂಡ್ತಿ ಹೆಂಗೆ ಓಡಿದ್ಳಪ್ಪ! ತಮ್ಮಗೆ ಜ್ವರ ಅಂದ್ಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ನಂದು ಹಾಕ್ಕೊಂಡು ಹೋಗ್ಯಾಳೆ. ಬಂದ ಮೇಲೆ ನಂದು ಕೊಡಿಸು ಮತ್ತೆ!"

ಒಲೆಯ ಪಕ್ಕ ಅರ್ಧ ಹೆಚ್ಚಿದ ಈರುಳ್ಳಿ ಹಾಗೇ ಬಿದ್ದಿತ್ತು. ಆಹಾ, ಗೆದ್ದೆ! ಹೆಂಡತಿ ತವರಿಗೆ ಹೋದಳು! ಈ ವಿಜಯದ ಬಗ್ಗೆ ಮುಂದಿನ ಅಂಕಣಕ್ಕೆ ಮೊದಲ ಸಾಲು ಹೊಸೆಯುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ತೆಗೆದರೆ, ಬೆವರಿನಲ್ಲಿ ತೊಯ್ದ ಅಫ್ತಾಬ್! ಒಂದು ಕೈಯಲ್ಲಿ ನಾಟಿ ವೈದ್ಯರ ಎಣ್ಣೆ ಸೀಸೆ, ಇನ್ನೊಂದರಲ್ಲಿ ಹಳೆಯ ಊರುಗೋಲು.

"ಅಬ್ಬಾಜಾನ್‌ರ ಕೋಲು ತಂದೀನಿ ದುಲ್ಹಾಭಾಯ್. ಆಪಾ ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಕಿರುಚಿತು. ಜಗಳೂರಿನಿಂದ ರುಹೀನಾ. "ಏನ್ರೀ, ಅಫ್ತಾಬ್ ಎಲ್ಲಿ? ಜ್ವರ ಬಂದೋನು ಬೆಳಿಗ್ಗೇನೇ ಬಸ್ ಹತ್ತಿ ಹೋದ ಅಂತಾರೆ ಅಮ್ಮಿ!"

ಎರಡು ಬಸ್ಸುಗಳು ದಾವಣಗೆರೆಯ ಆಸುಪಾಸಿನಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿದ್ದವು. ಕಿಟಕಿಯಿಂದ ಇಣುಕಿದ್ದರೆ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಬಹುದಿತ್ತೇನೋ!

ಆದರೂ ಎದೆಗುಂದಲಿಲ್ಲ. "ಅವನು ಇಲ್ಲಿಗೆ ಬಂದಾನೆ. ಆಯ್ತು ಬಿಡು, ತವರಿಗೆ ಹೋಗಿದ್ದೀಯಲ್ಲ! ಒಳಗೆ ಹೋಗು, ಅಮ್ಮಿ ಜೊತೆ ಕೂತ್ಕೋ, ಊಟ ಮಾಡು. ಸಮಸ್ಯೆ ಬಗೆಹರೀತು!"

"ಒಳಗೆ? ಕರೀದೆ ಹೆಂಗೆ ಹೋಗಲಿ?"

"ಬಂದಾಗೈತಲ್ಲೇ!"

"ಜ್ವರ ಅಂತ ಬಂದೆ. ಜ್ವರ ಇಲ್ಲ ಅಂದ ಮೇಲೆ ನಾನು ಯಾರು ಇಲ್ಲಿ?"

ಫೋನು ಅತ್ತೆಯ ಕೈಗೆ ಹೋಯಿತು. "ಅಲ್ತಾಫ್ ಮಿಯಾ, ನಿಮ್ಮ ಹೆಂಡ್ತಿ ಹೊರಗೆ ಮೆಟ್ಟಿಲ ಮೇಲೆ ಕೂತವ್ಳೆ. ನೀರು ಕೊಟ್ಟರೂ ಮುಟ್ಟಲ್ಲ ಅಂತಾಳೆ. ನಾನೂ ಬಂದು ಪಕ್ಕದಾಗೆ ಕೂತೀನಿ. ಹೋಗಿ ಬರೋರೆಲ್ಲ ನೋಡ್ತಾವ್ರೆ. ಏನು ಮಾಡಿದ್ರಿ ನೀವು?"

ಎರಡು ವರ್ಷದ ನಂತರ ತಾಯಿಯ ಪಕ್ಕ ಕುಳಿತಿದ್ದಾಳೆ, ಅದೂ ಹೊಸ ಮನೆಯ ಹೊರಗಿನ ಮೆಟ್ಟಿಲ ಮೇಲೆ! ತಲೆ ಬಿಸಿಯಾಗಿ ಅಫ್ತಾಬ್‌ನ ಮೇಲೆ ಹರಿಹಾಯ್ದೆ. "ನೀನಾದ್ರೂ ಫೋನಿನಲ್ಲಿ ಹೇಳೋ, ಒಳಗೆ ಹೋಗು ಅಂತ!"

"ಫೋನಿನಾಗೆ ಕರೆದೇ ಈ ಗತಿ ಆಗೈತೆ ದುಲ್ಹಾಭಾಯ್. ಮತ್ತೆ ಅದನ್ನೇ ಮಾಡ್ಲಾ? ಈಗ ಅವಳ ಬಾಗಿಲಿಗೇ ಬಂದೀನಿ. ಬಂದೋನು ಬರಿಗೈಲಿ ಹೋಗಲ್ಲ. ಆಪಾ ಇಲ್ಲಿಗೆ ಬರಲಿ, ನಾನು ಕರೀತೀನಿ."

"ಅವಳು ಅಲ್ಲೇ ಅದಾಳಲ್ಲೋ! ಅಲ್ಲಿಂದ ಇಲ್ಲಿಗೆ ಬಂದು, ಇಲ್ಲಿಂದ ಅಲ್ಲಿಗೆ ಹೋಗಬೇಕಾ?"

"ಹೂಂ," ಎಂದ.

ಈ ಸಲ ಮೌನ ಓದುವ ಸಾಹಸಕ್ಕೆ ಹೋಗಲಿಲ್ಲ. ರುಹೀನಾಳಿಗೆ ವಿಷಯ ಹೇಳಿದೆ. ಆ ಕಡೆಯಿಂದ ಸಣ್ಣ ದನಿ: "ಅವನೇ ಹಂಗಂದ್ನಾ? ಬಸ್ ಐತೆ. ಬರ್ತೀನಿ."

ಅಫ್ತಾಬ್ ಊಟಕ್ಕೆ ಏಳಲಿಲ್ಲ. ಎಣ್ಣೆ ಸೀಸೆ ಹಿಡಿದು ಬಾಗಿಲಿಗೆ ಎದುರಾಗಿ ಕುಳಿತ. ಬೀದಿಯಲ್ಲಿ ಆಟೋ ಸದ್ದಾದಾಗಲೆಲ್ಲ ಎದ್ದು ನಿಂತ, ಮತ್ತೆ ಕುಳಿತ. ಮದುವೆಗೆ ಮೊದಲು ಅವಳು ನನಗಾಗಿ ಹೀಗೆ ಕಾದಿದ್ದಿಲ್ಲ, ನಾನು ಅವಳಿಗಾಗಿ ಕಾದಿದ್ದೂ ಇಲ್ಲ. ಸಣ್ಣ ಹೊಟ್ಟೆಕಿಚ್ಚಾಯಿತು.

ಬಿಸಿಲಿಳಿದ ಮೇಲೆ ರುಹೀನಾ ಬಂದಳು. ಬೇರೆ ಬೇರೆ ಚಪ್ಪಲಿಯಲ್ಲಿ ನೆಟ್ಟಗೆ ನಡೆದು ಬಂದಳು. ಅಫ್ತಾಬ್ ಎದ್ದು ಅವಳ ಕಾಲನ್ನೇ ನೋಡಿದ. ಅವಳು ಹತ್ತಿರ ಬಂದು ಅವನ ಹಣೆಯ ಮೇಲೆ ಕೈಯ ಹಿಂಬದಿ ಇಟ್ಟಳು. ಜ್ವರ ಇಲ್ಲವೆಂದು ಗೊತ್ತಾದ ಮೇಲೂ ಕೈ ತೆಗೆಯಲಿಲ್ಲ.

"ಕರೆಯಾಕೆ ಬಂದೀನಿ ಆಪಾ," ಎಂದ. ಮೀಸೆ ಬಲಿತ ಗಂಡಸಿನ ದನಿ ಅಂಗನವಾಡಿ ಹುಡುಗನ ಹಾಗೆ ನಡುಗಿತು.

"ಎರಡು ವರ್ಷ ಬೇಕಾಯ್ತೇನೋ, ಕತ್ತೆ?"

ಆ "ಕತ್ತೆ"ಯಲ್ಲಿ ಎಲ್ಲ ಮುಗಿಯಿತು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು!

"ಬಚ್ಚಲಲ್ಲಿ ಜಾರಿಬಿದ್ದೆನಾ ನಾನು?"

"ನನಗೆ ಏಳಾಕೂ ಆಗ್ತಿಲ್ಲವಾ ದುಲ್ಹಾಭಾಯ್?"

ಎರಡು ವರ್ಷ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಅಕ್ಕ ತಮ್ಮ ಭೇದವಿಲ್ಲದೆ ನನಗೇ ದಾನ ಮಾಡಿದರು. ಒಗ್ಗಟ್ಟು ಎಂದರೆ ಅದು! ನಾನು ಕೊನೆಯ ಅಸ್ತ್ರವಾಗಿ ಸಿದ್ಧಾಂತ ತೆಗೆದೆ. "ಅಲ್ಲ ರುಹೀನಾ, ಅದು ನಿನ್ನದೇ ಮನೆ. ನಿನ್ನ ಮನೆಗೆ ನಿನ್ನನ್ನ ಯಾರಾದರೂ ಕರೀಬೇಕು ಅನ್ನೋದೇ ಹೆಣ್ಣಿಗೆ ಮಾಡೋ ಅವಮಾನ. ನಾನು ಇದನ್ನ ಖಂಡಿಸ್ತೀನಿ!"

"ಖಂಡಿಸ್ರಿ. ಅಲ್ಲಿ ಬಾಗಿಲ ಮೇಲೆ ಅಫ್ತಾಬ್ ಮಂಜಿಲ್ ಅಂತ ಬರೆದೈತೆ. ಇಲ್ಲಿ ಬಾಗಿಲ ಮೇಲೆ ನಿಮ್ಮ ಹೆಸರು. ನನ್ನ ಹೆಸರು ಎಲ್ಲೈತೆ, ಓದಿ ಹೇಳ್ರಿ ನೋಡಾಣ? ಯಾರಾದ್ರೂ ಬಂದು ಕರೆದಾಗ ಮಾತ್ರ, ನಾನೂ ಬೇಕಾದೋಳು ಅಂತ ನನಗೆ ಗೊತ್ತಾಗೋದು."

ಊರಿಗೆಲ್ಲ ಸಮಾನತೆ ಬೋಧಿಸಿದ ನಾನು ಒಂದು ಹಲಗೆಗೆ ಎರಡು ಹೆಸರು ಬರೆಸಿರಲಿಲ್ಲ.

ಮಾರನೇ ದಿನ ತಮ್ಮನ ಹಿಂದೆ ಹೊರಟಳು. ಬಸ್ಸು ಹೊರಳುವವರೆಗೂ ಕಿಟಕಿಯಿಂದ ಕೈ ಆಡಿಸಿದಳು. ನನಗಲ್ಲ, ಓಬವ್ವನಿಗೆ.

ಆಮೇಲೆ ಮನೆ ಸದ್ದಿಲ್ಲದಾಯಿತು. ನಾನು ಬರೆದದ್ದನ್ನು ಓದಿ ಚುಚ್ಚುವವರಿಲ್ಲ. ತವರಿನ ಸಡಗರದಲ್ಲಿ ಅವಳು ಎತ್ತಿಡಲು ಮರೆತ ಅರ್ಧ ಹೆಚ್ಚಿದ ಈರುಳ್ಳಿ ಒಣಗಿದರೂ ಬಿಸಾಡಲು ಮನಸ್ಸು ಬರಲಿಲ್ಲ. ರಾಗಿ ಮುದ್ದೆ ತಿರುವಲು ಹೋದೆ, ಅದು ಮುದ್ದೆಯೂ ಆಗಲಿಲ್ಲ, ಗಂಜಿಯೂ ಆಗಲಿಲ್ಲ. ದಿನಾ ಫೋನು ಮಾಡುತ್ತಿದ್ದಳು. "ಊಟ ಆಯ್ತಾ?" ಅನ್ನುತ್ತಿದ್ದಳು. "ಆಯ್ತು" ಅನ್ನುತ್ತಿದ್ದೆ. ಯಾವಾಗ ಬರುತ್ತೀಯ ಎಂದರೆ ಉತ್ತರವಿಲ್ಲ. ಕೊನೆಗೆ "ಬೇಗ ಬಾ" ಎಂದು ಮೆಸೇಜು ಕಳಿಸಿ, ಪಕ್ಕದಲ್ಲೊಂದು ಗುಲಾಬಿ ಚಿತ್ರವನ್ನೂ ಹಾಕಿದೆ. ನೀಲಿ ಗೀಟು ಬಂತು, ಮಾತು ಬರಲಿಲ್ಲ. ಓದಿದೆ: ತವರು ಸಿಕ್ಕಿತು, ಗಂಡ ಬೇಡವಾದ!

ಓಬವ್ವನ ಮುಂದೆ ಗೋಳು ತೋಡಿಕೊಂಡೆ. "ಅವಳಿಗೆ ನಾನು ಬೇಡ ಓಬವ್ವ. ಫೋನಿನಲ್ಲಿ ಕರೆದೆ, ಮೆಸೇಜಿನಲ್ಲೂ ಕರೆದೆ."

ಓಬವ್ವ ಪೊರಕೆ ಕೆಳಗೆ ಹಾಕಿ ನನ್ನನ್ನೇ ನೋಡಿದಳು. "ಪೇಪರ್‌ನಾಗೆ ಏನೇನೋ ಬರೀತಿಯಂತೆ. ಬಸ್ ಸ್ಟ್ಯಾಂಡಿಗೆ ಹೋಗೋ ದಾರಿ ಗೊತ್ತಿಲ್ಲೇನು ನಿನಗೆ?"

ಇದನ್ನು ಜಗಳೂರಿನ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಕ್ಷಮಿಸಿ. ಅವಳು ಕೂಡಲೇ ಹೊರಡುತ್ತಾಳೋ, ಮೆಟ್ಟಿಲ ಮೇಲೆ ಕೂರಿಸುತ್ತಾಳೋ ತಿಳಿಯದು. ಕೂರಿಸಿದರೆ ಕೂರುತ್ತೇನೆ. ಆದರೆ ನೀವು ಇನ್ನೂ ಓದುತ್ತಾ ಏಕೆ ಕುಳಿತಿದ್ದೀರಿ? ನಿಮ್ಮವಳೂ ಒಬ್ಬಳು ಎಲ್ಲೋ ಕಾಯುತ್ತಿದ್ದಾಳೆ. ಅಕ್ಕನೋ, ತಂಗಿಯೋ, ಮಗಳೋ, ಹೆಂಡತಿಯೋ, ಅದು ನಿಮಗೇ ಗೊತ್ತು. ಪತ್ರಿಕೆ ಮಡಚಿಡಿ. ಫೋನು ಮುಟ್ಟಬೇಡಿ. ಚಪ್ಪಲಿ ಮೆಟ್ಟಿಕೊಂಡು ಹೋಗಿ, ಅವಳ ಬಾಗಿಲಲ್ಲಿ ನಿಂತು, ಬಾಯಿ ಬಿಟ್ಟು ಕರೆಯಿರಿ!