ಹತ್ತು ಪಾಯಿಂಟ್ ಒಂದು

ಎಲ್ಲರನ್ನೂ ಸಮನಾಗಿ ಕಾಣಬೇಕೆಂದು ಭಾಷಣ ಮಾಡುವವರು ಬಹಳ ಮಂದಿ. ಮಾಡಿ ತೋರಿಸಿದವನು ನಾನು. ಕಡಲೆಕಾಯಿ ಮಂಡಿಯ ಸಾಹುಕಾರರಿಗೂ ರಾಯಚರ್ಲಿನ ಕೂಲಿಯವನಿಗೂ ಒಂದೇ ಅಳತೆಯ ಕಿಡ್ನಿ ಕೊಟ್ಟಿದ್ದೇನೆ, ಹತ್ತು ಪಾಯಿಂಟ್ ಒಂದು ಸೆಂಟಿಮೀಟರ್. ಶಿರಾದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹದಿನೆಂಟು ವರ್ಷದಿಂದ ರಿಪೋರ್ಟ್ ಟೈಪ್ ಮಾಡುವುದು ನನ್ನ ಕೆಲಸ. ನಮ್ಮ ಡಾಕ್ಟರಮ್ಮ ನೋವಿರುವ ಜಾಗ ನೋಡಿ ಹೇಳುತ್ತಾರೆ, ಮಿಕ್ಕದ್ದಕ್ಕೆಲ್ಲ ನಾರ್ಮಲ್ ಎಂದುಬಿಡುತ್ತಾರೆ. ಹೊರಗೆ ಸ್ಕ್ಯಾನಿಗೆಂದು ಲೀಟರುಗಟ್ಟಲೆ ನೀರು ಕುಡಿದು ಒದ್ದಾಡುತ್ತ ಕೂತವರು ಬಾಗಿಲು ಬಡಿಯುತ್ತಿರುತ್ತಾರೆ. ನಾನು ಯಾವುದೋ ಹಳೆಯ ರಿಪೋರ್ಟು ತೆರೆದು ಹೆಸರು, ವಯಸ್ಸು ಬದಲಿಸುತ್ತೇನೆ. ಕಿಡ್ನಿ ಹಾಗೆಯೇ ಇರುತ್ತದೆ.

ಈ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಸ್ಕ್ಯಾನ್ ಚಿತ್ರದ ಮಸುಕಿನಲ್ಲಿ ಕಿಡ್ನಿಯ ಅಂಚು ಹುಡುಕಿ, ಸುತ್ತ ಹಸಿರು ಗೆರೆ ಎಳೆದು, ಉದ್ದಗಲ ತಾನೇ ಹೇಳುತ್ತದೆ. ನನಗೆ ಮೈಯೆಲ್ಲ ಉರಿ. ಮೊದಲ ವಾರವೇ ಅದು ಯಾರದೋ ಪಕ್ಕೆಲುಬಿನ ನೆರಳನ್ನೂ ಸೇರಿಸಿ ಅಳೆದಾಗ ಸಂತೋಷಕ್ಕೆ ಮನೆಗೆ ಜಿಲೇಬಿ ಒಯ್ದೆ. ಅದಕ್ಕೆ ಕಣ್ಣಿಲ್ಲ ಎಂದು ಹೆಂಡತಿ ಜಯಮ್ಮನಿಗೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದೆ. ನಿಡುಗಲ್ಲಿನವಳು, ಮಾತು ಕಡಿಮೆ. ಊದಿದ ಪಾದ ಚಾಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಆ ಪಾದ ನನ್ನ ಕಣ್ಣಿಗೆ ಬೀಳಲು ಎರಡು ತಿಂಗಳು ಹಿಡಿಯಿತು.

ನಮ್ಮಲ್ಲೇ ಸ್ಕ್ಯಾನ್ ಮಾಡಿಸಿದೆ. ಹಸಿರು ಗೆರೆ ಸುತ್ತಿ ಬಂದು ಏಳು ಪಾಯಿಂಟ್ ಎಂಟು ಎಂದಿತು. ಎರಡನೆಯ ಕಿಡ್ನಿಯೂ ಹೆಚ್ಚುಕಡಿಮೆ ಅಷ್ಟೇ. ನಾನು ಜಗಳಕ್ಕೇ ನಿಂತೆ. ಹೋದ ವರ್ಷ ಪಿತ್ತಕೋಶದ ಕಲ್ಲಿಗೆಂದು ಅವಳಿಗೆ ಇಲ್ಲೇ ಸ್ಕ್ಯಾನ್ ಆಗಿತ್ತು. ಆ ರಿಪೋರ್ಟ್ ತಂದು ಮೇಜಿನ ಮೇಲೆ ಬಡಿದೆ. ಹತ್ತು ಪಾಯಿಂಟ್ ಒಂದು. ಡಾಕ್ಟರಮ್ಮ ತಾವೇ ಕೈಯಾರೆ ಅಳೆದರು, ಏಳು ಪಾಯಿಂಟ್ ಎಂಟೇ. ಆಮೇಲೆ ಹೋದ ವರ್ಷದ ಚಿತ್ರ ತೆಗೆದು ಸಾಫ್ಟ್‌ವೇರಿಗೆ ಕೊಟ್ಟರು. ಎಂಟು ಪಾಯಿಂಟ್ ಆರು. ಆಗಲೇ ಕುಗ್ಗಲು ಶುರುವಾಗಿತ್ತು.

“ಆವತ್ತೇ ಗೊತ್ತಾಗಿದ್ರೆ ಔಷಧಿಯಲ್ಲೇ ಒಂದಷ್ಟು ತಡೀಬಹುದಿತ್ತು,” ಎಂದರು, ನನ್ನ ಮುಖ ನೋಡದೆ. ನಾನೂ ಅವರ ಮುಖ ನೋಡಲಿಲ್ಲ. ಇಬ್ಬರಿಗೂ ಆ ‘ನಾರ್ಮಲ್’ ನೆನಪಿತ್ತು.

ಜಯಮ್ಮ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡು, ಸೀರೆ ಸರಿಮಾಡಿಕೊಂಡು ಎದ್ದಳು.

“ಅದುಕ್ಕೆ ಕಣ್ಣಿಲ್ಲ ಅಂತಿದ್ರಲ್ಲ,” ಅಂದಳು. “ಅದಾದ್ರೂ ನೋಡ್ತು ಕಣ್ರೀ.”

ಹದಿನೆಂಟು ವರ್ಷದಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ; ಆಗಬೇಕಿತ್ತು. ರಿಪೋರ್ಟ್ ಟೈಪ್ ಮಾಡಲು ಕೂತೆ. ಅಭ್ಯಾಸಬಲ, ಎದುರಿಗಿದ್ದ ಹಳೆಯ ರಿಪೋರ್ಟನ್ನೇ ತೆರೆದು ಹೆಸರು ಬದಲಿಸಲು ಹೋದೆ. ಅದು ಜಯಮ್ಮನದೇ. ಮೊಟ್ಟಮೊದಲ ಸಲ ಹೆಸರನ್ನು ಹಾಗೆಯೇ ಬಿಟ್ಟು, ಅಂಕಿ ಬದಲಿಸಿದೆ.