ಕುಣಿದವರೆಲ್ಲ ಚೌಕವಾದರು

ವಿಡಿಯೋದಲ್ಲಿ ಏನೇ ಹೆಚ್ಚುಕಮ್ಮಿಯಾದರೂ ಜನ ಕ್ಯಾಮೆರಾ ಹಿಡಿದವರನ್ನು ಕೇಳುವುದಿಲ್ಲ, ಡಿಸ್ಕ್ ಕೈಗಿತ್ತವರನ್ನೇ ಹಿಡಿಯುತ್ತಾರೆ. ಹಾಗಾಗಿ ಇಂಥ ತಕರಾರು ನನ್ನ ಮೇಜಿನ ಮುಂದೆ ವಾರಕ್ಕೊಂದಾದರೂ ನಡೆಯುತ್ತಿತ್ತು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಊಟಿಗೆ ಬಂದವಳು ನಾನು. ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಸಣ್ಣ ವಿಡಿಯೋ ಅಂಗಡಿ. ನಮ್ಮ ಯಜಮಾನರು ಹೋಗಿ ಶೂಟ್ ಮಾಡಿ ತರುವರು, ಕಂಪ್ಯೂಟರ್ ಮುಂದೆ ಕೂತು ಎಡಿಟ್ ಮಾಡಿ ಡಿಸ್ಕ್ ಬರೆಯುವವಳು ನಾನು. ಕ್ಯಾಸೆಟ್ ಹೋಗಿ ಸಿಡಿ, ಡಿವಿಡಿ ಬಂದ ಕಾಲ. ಈ ವಿದ್ಯೆಯಲ್ಲಿ ಇಡೀ ನೀಲಗಿರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಒಂದೇ ಡಿಸ್ಕ್

ಕೋಟಗಿರಿ ಕಡೆಯ ಟೀ ತೋಟದ ಯಜಮಾನರೊಬ್ಬರು ಹಿರಿಮಗನ ಮದುವೆಯ ವಿಡಿಯೋಗೆ ಬಂದರು. ಒಟ್ಟು ಆರು ಗಂಟೆಯ ಚಿತ್ರ.

"ಎಲ್ಲಾ ಒಂದೇ ಡಿವಿಡಿಗೆ ಹಾಕಿಕೊಡಮ್ಮಾ. ಎರಡು ಕೊಟ್ರೆ ನೆಂಟರು ಒಂದನ್ನ ಕಳೆದುಹಾಕ್ತಾರೆ," ಅಂದರು.

ನಾನು ತಾಳ್ಮೆಯಿಂದ ವಿವರಿಸಿದೆ. "ಚುಕ್ಕೆ ರಂಗೋಲಿ ನೋಡಿದ್ದೀರಲ್ಲ ಅಯ್ಯಾ? ಚಿತ್ರದಲ್ಲಿ ಎಷ್ಟು ಚುಕ್ಕೆ ಇವೆ ಅನ್ನೋದು ರೆಸಲ್ಯೂಷನ್. ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಪುಡಿ ಸಿಗುತ್ತೆ ಅನ್ನೋದು ಬಿಟ್‌ರೇಟ್. ಡಿಸ್ಕ್ ಅಂದ್ರೆ ಪುಡಿ ಡಬ್ಬ. ಇರೋ ಪುಡಿನ ಎರಡು ಗಂಟೆಗೆ ಖರ್ಚು ಮಾಡಿದ್ರೆ ಗೆರೆ ತುಂಬಿ ಬರುತ್ತೆ. ಅದನ್ನೇ ಆರು ಗಂಟೆಗೆ ಎಳೆದ್ರೆ ಗೆರೆ ಹರಿದುಹೋಗುತ್ತೆ."

"ನಮ್ಮನೆ ಹೆಂಗಸರು ಒಂದು ಡಬ್ಬದಲ್ಲಿ ಬೀದಿಯೆಲ್ಲ ಹಾಕ್ತಾರೆ," ಅಂದರು. ಹಾಕಿಕೊಟ್ಟೆ.

ವಾರದೊಳಗೆ ವಾಪಸ್ಸು ಬಂದರು. "ಕೂತವರು, ನಿಂತವರು ಎಲ್ಲ ಚೆನ್ನಾಗಿದ್ದಾರೆ. ಕುಣಿದವರು ಮಾತ್ರ ಚೌಕ ಚೌಕ. ನನ್ನ ಭಾವನ ಮೂಗು ಒಂದು ಚೌಕದಲ್ಲಿ, ಕಣ್ಣು ಇನ್ನೊಂದರಲ್ಲಿ."

"ಅಲ್ಲಾಡದೆ ಇದ್ರೆ ಬಿಟ್‌ರೇಟ್ ಸ್ವಲ್ಪ ಇದ್ರೂ ನಡೆಯುತ್ತೆ ಅಯ್ಯಾ, ಕುಣಿತಕ್ಕೆ ಬಹಳ ಬೇಕು. ಮೂರು ಡಿಸ್ಕ್ ಮಾಡಿಸಿ," ಅಂದೆ.

ಅವರು ಡಿಸ್ಕನ್ನು ಜೇಬಿಗೆ ಹಾಕಿಕೊಂಡರು. "ಇದು ಹೀಗೇ ಇರಲಿ. ಮುಂದಿನ ತಿಂಗಳು ಕಿರಿಯವನ ಮದುವೆ. ಅದರಲ್ಲಿ ಯಾರೂ ಕುಣಿಯದ ಹಾಗೆ ನೋಡ್ಕೋತೀನಿ."

ದೊಡ್ಡ ಟಿವಿ

ಪಕ್ಕದ ಬೀದಿಯ ಟೈಲರ್ ಹೆಂಡತಿ ಮಗಳ ಸೀಮಂತದ ಸಿಡಿ ನೋಡಲೆಂದೇ ದೊಡ್ಡ ಟಿವಿ ತರಿಸಿದಳು. ಮಾರನೆಯ ದಿನ ಮುಖ ಚಿಕ್ಕದು ಮಾಡಿಕೊಂಡು ಬಂದಳು. "ಹಳೇ ಟಿವಿಯಲ್ಲೇ ಚೆನ್ನಾಗಿತ್ತು ಅಕ್ಕಾ. ಇದರಲ್ಲಿ ಎಲ್ಲಾ ಮಬ್ಬು."

ಸಿಡಿಯಲ್ಲಿ ಇರುವ ಚುಕ್ಕೆಗಳೇ ಅಷ್ಟು, ಪರದೆ ದೊಡ್ಡದಾದರೆ ಚುಕ್ಕೆ ಹಿಗ್ಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ ಎಂದು ತಿಳಿಸಿ, ಸ್ವಲ್ಪ ದೂರ ಕೂತು ನೋಡು ಅಂದೆ.

ಎರಡು ದಿನ ಬಿಟ್ಟು ದಾರಿಯಲ್ಲಿ ಸಿಕ್ಕಳು. ಮುಖ ಅರಳಿತ್ತು. "ನೀವು ಹೇಳಿದ್ದು ನಿಜ ಅಕ್ಕಾ. ಅಡುಗೆಮನೆಯಿಂದ ನೋಡಿದ್ರೆ ಬಹಳ ಚೆನ್ನಾಗಿ ಕಾಣುತ್ತೆ. ಈಗ ನಾವೆಲ್ಲ ಅಲ್ಲೇ ಕೂತ್ಕೋತೀವಿ."

ಮಂಜಿನೊಳಗಿನ ಓಟ

ಒಂದು ಶಾಲೆಯ ಆಟೋಟದ ದಿನವನ್ನು ನಮ್ಮ ಯಜಮಾನರು ಶೂಟ್ ಮಾಡಿ ತಂದಿದ್ದರು. ಹುಡುಗಿಯರ ಓಟದಲ್ಲಿ ಇಬ್ಬರು ನಾನು ಮೊದಲು, ತಾನು ಮೊದಲು ಎಂದು ಜಗಳ ತೆಗೆದು, ಅವರ ತಾಯಂದಿರೂ ಅದಕ್ಕೆ ಸೇರಿಕೊಂಡು, ತೀರ್ಪಿಗಾಗಿ ಹೆಡ್‌ಮಿಸ್ ನಮ್ಮ ಅಂಗಡಿಗೆ ಬಂದರು.

"ಚಿಂತೆ ಬೇಡ ಮಿಸ್. ಬಿಟ್‌ರೇಟ್ ಎಷ್ಟು ಕೊಡೋಕಾಗುತ್ತೋ ಅಷ್ಟೂ ಕೊಟ್ಟಿದ್ದೀನಿ. ಒಂದೊಂದು ಕೂದಲೂ ಕಾಣುತ್ತೆ," ಎಂದು ಹಾಕಿ ತೋರಿಸಿದೆ.

ಸೀಟಿ ಊದಿದರು. ಹುಡುಗಿಯರು ಓಡಿದರು. ಅರ್ಧ ದಾರಿಗೆ ಮಂಜು ಇಳಿಯಿತು. ಆಮೇಲೆ ಪರದೆ ತುಂಬ ಬಿಳಿ. ಅದರೊಳಗಿಂದ ಕೂಗು, ಚಪ್ಪಾಳೆ. ಮಂಜು ಸರಿದಾಗ ಇಬ್ಬರೂ ಗೆರೆಯಾಚೆ ಕೈ ಎತ್ತಿಕೊಂಡು ನಿಂತಿದ್ದರು.

"ಮಂಜು ಬಹಳ ಸ್ಪಷ್ಟವಾಗಿ ಬಂದಿದೆ," ಅಂದರು ಹೆಡ್‌ಮಿಸ್. ನಾನು ತಲೆ ತಗ್ಗಿಸಿದೆ. ಅವರು ಮಾತ್ರ ನಿರಾಳವಾಗಿ ಎದ್ದರು. "ಇಬ್ಬರಿಗೂ ಮೊದಲ ಬಹುಮಾನ. ವಿಡಿಯೋ ನೋಡಿ ತೀರ್ಮಾನಿಸಿದ್ದು ಅಂತ ಹೇಳ್ತೀನಿ. ನೀವಿದನ್ನ ಯಾರಿಗೂ ತೋರಿಸಬೇಡಿ."

ಬಾಳೆತೋಟದ ಕಳ್ಳಿ

ಕೆಳಗೆ ಕಾಡಿನ ಕಡೆಯಿಂದ ಒಂದು ದಿನ ಮೂವರು ಬಂದರು: ಒಬ್ಬ ರೈತ, ಒಬ್ಬ ಫಾರೆಸ್ಟ್ ಗಾರ್ಡ್, ಒಬ್ಬ ಮಾವುತ. ರೈತನ ಬಾಳೆತೋಟಕ್ಕೆ ಆನೆ ನುಗ್ಗಿತ್ತು. ಅದು ಅರಣ್ಯ ಇಲಾಖೆಯ ಶಿಬಿರದ ಸಾಕಾನೆ, ನಷ್ಟ ಇಲಾಖೆಯೇ ತುಂಬಿಕೊಡಬೇಕು ಎಂದು ರೈತ. ಅಲ್ಲ, ಕಾಡಾನೆ ಎಂದು ಗಾರ್ಡ್. ರೈತ ದೂರದಿಂದ ಮೊಬೈಲಿನಲ್ಲಿ ತೆಗೆದಿದ್ದ.

"ಇದನ್ನ ದೊಡ್ಡದು ಮಾಡಿ ತೋರಿಸಿ ಅಮ್ಮಾ. ಸತ್ಯ ಗೊತ್ತಾಗಲಿ," ಅಂದ.

ಅಂದಿನ ಮೊಬೈಲ್ ವಿಡಿಯೋ ಅಂದರೆ ಅಂಚೆಚೀಟಿಯಷ್ಟು. ಹಿಗ್ಗಿಸಿದೆ. ಹಸಿರು ಚೌಕಗಳ ನಡುವೆ ಏಳೆಂಟು ಬೂದು ಚೌಕಗಳು ಮೆಲ್ಲಗೆ ಸರಿದವು. ನಾನು ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟೆ. "ತೆಗೆಯುವಾಗಲೇ ಇಲ್ಲದ ವಿವರವನ್ನ ಯಾರೂ ಆಮೇಲೆ ತುಂಬೋಕಾಗಲ್ಲ. ಯಾವ ಆನೆ ಅನ್ನೋದಿರಲಿ, ಇದು ಆನೆ ಅಂತಾನೇ ಹೇಳೋಕಾಗಲ್ಲ. ಬಂಡೆಯೂ ಇರಬಹುದು."

"ಬಂಡೆ ಬಾಳೆಗೊನೆ ತಿನ್ನುತ್ತಾ?" ಎಂದ ರೈತನ ದನಿ ಕುಸಿದಿತ್ತು. ಗಾರ್ಡ್ ಖುಷಿಯಿಂದ ಪೆನ್ನು ತೆಗೆದ. "ಹಾಗಾದ್ರೆ ಕಾಡಾನೆ ಅಂತ ಬರೆದುಬಿಡ್ತೀನಿ."

ಹಿಂದೆ ನಿಂತಿದ್ದ ಮಾವುತ ಮುಂದೆ ಬಂದ. "ಇನ್ನೊಂದು ಸಲ ಹಾಕಿ ಅಮ್ಮಾ."

ಹಾಕಿದೆ. ಅವನ ಮುಖದಲ್ಲಿ ನಗು ಹರಡಿತು. "ನಮ್ಮ ಹುಡುಗಿಯೇ."

ಗಾರ್ಡ್ ಅವನ ಕಾಲು ತುಳಿದ. ಅವನಿಗೆ ಅದರ ಪರಿವೆಯೇ ಇಲ್ಲ. "ಎಡಗಾಲು ಎತ್ತಿ ಹಾಕೋದು ನೋಡಿ. ಕದ್ದು ತಿನ್ನುವಾಗ ಕಿವಿ ಆಡಿಸೋದೇ ಇಲ್ಲ, ಸದ್ದಾಗುತ್ತೆ ಅಂತ. ಸಣ್ಣವಳಿದ್ದಾಗಿಂದ ಇದೇ ಬುದ್ಧಿ."

ನಾನು ಪರದೆಗೆ ಮೂಗು ತಾಗಿಸಿ ನೋಡಿದೆ. ಎಡಗಾಲೂ ಇಲ್ಲ, ಕಿವಿಯೂ ಇಲ್ಲ. ಚೌಕಗಳು, ಅಷ್ಟೇ.

ಗಾರ್ಡ್ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದ. ರೈತ ಮಾವುತನ ಕೈ ಹಿಡಿದು ಕಣ್ಣೊರೆಸಿಕೊಂಡ. ಇನ್ನು ಮೇಲೆ ಅವಳನ್ನು ಸರಿಯಾಗಿ ಕಟ್ಟಿಹಾಕುವೆ ಎಂದು ಮಾವುತ ಮಾತು ಕೊಟ್ಟ. ಉಳಿದಿಬ್ಬರೂ ಮೆಟ್ಟಿಲಿಳಿದ ಮೇಲೆ ಮಾವುತನೊಬ್ಬನೇ ವಾಪಸ್ಸು ಬಂದು ಬಾಗಿಲಲ್ಲಿ ನಿಂತು, ಸಂಕೋಚದಿಂದ ಕೇಳಿದ.

"ಅಮ್ಮಾ, ಇದರದ್ದೊಂದು ಕಾಪಿ ನನಗೂ ಹಾಕಿಕೊಡ್ತೀರಾ? ಎಷ್ಟೋ ಟೂರಿಸ್ಟ್‌ಗಳು ದೊಡ್ಡ ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಅವಳು ಇಷ್ಟು ಚೆನ್ನಾಗಿ ಯಾವುದರಲ್ಲೂ ಬಂದಿಲ್ಲ."